ಓಬಳಯ್ಯನ ಮೂರನೇ ಮೊಳೆ

ನಾನು ಹನ್ನೆರಡು ವರ್ಷದೋನಿದ್ದಾಗ, ಕಣ್ಣಿಗೆ ಬಟ್ಟೆ ಕಟ್ಕೊಂಡು, ಒದೆಯೋ ಕುದುರೆಗೆ ನಾಲ್ಕು ಕಾಲಿಗೂ ಲಾಳ ಹೊಡ್ದೋನು ಕಣವ್ವ. ಹೊಡ್ದು ಮುಗಿಸೋ ಹೊತ್ಗೆ ಕುದುರೆ ನಿಂತಲ್ಲೇ ಗೊರಕೆ ಹೊಡೀತಿತ್ತು. ನೋಡ್ದೋರು ಮೂರು ಜನ. ಸಂತೆಪೇಟೆ ಬಸಣ್ಣ ಸತ್ತ, ಟಾಂಗಾ ರಹಮಾನು ಸತ್ತ, ನಮ್ಮಣ್ಣನೂ ಸತ್ತ. ಕುದುರೆನೂ ಸತ್ತೋಯ್ತು. ಇನ್ಯಾರನ್ನ ಕೇಳ್ತೀಯ, ಕೇಳು.

ನಗಬ್ಯಾಡ ಕುಸುಮಿ, ಮಲಕ್ಕೊ. ನಿಮ್ಮಜ್ಜಿ ಅವಳ ತಂಗಿ ಊರಿಗೆ ಹೋಗವಳೆ, ಅವಳು ಬರೋಗಂಟ ಕತೆ ನಂದೇ. ಅವಳ ಕತೇಲಿ ಬರೀ ರಾಜಕುಮಾರೀರು. ನಂದ್ರಲ್ಲಿ ಕುದುರೆ ಕಾಲು. ಹೂಂ ಅಂತಿರು, ಹೂಂ ಅನ್ನೋದು ನಿಂತ್ರೆ ಕತೇನೂ ನಿಲ್ತದೆ.

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕೂ ಆಚೆ ಇನ್ನೊಂದು ಕಾಲ ಇತ್ತಂತೆ, ಆವಾಗ ಜಾಲಿಕೋಟೆ ಅಂತ ಒಂದು ಪಾಳೇಪಟ್ಟು ಇತ್ತಂತೆ, ಅಲ್ಲೊಬ್ಬ ಪಾಳೇಗಾರ ದೊರೆ ಇದ್ದನಂತೆ. ಅವನ ಲಾಯದಲ್ಲಿ ಮುನ್ನೂರು ಕುದುರೆ. ಮುನ್ನೂರು ಕುದುರೆ ಅಂದ್ರೆ ಎಷ್ಟು ಲಾಳ ಹೇಳು? ಸಾವಿರದಿನ್ನೂರು. ಭೇಷ್. ನೆಲ ಎಲ್ಲಾ ಬಂಡೆಗಲ್ಲು, ಲಾಳ ಇಲ್ದೆ ಕುದುರೆ ನಾಲ್ಕು ಹೆಜ್ಜೆ ಇಟ್ರೆ ಗೊರಸು ಸೀಳ್ಕೊಂಬಿಡೋದಂತೆ. ದೊರೆ ಕುದುರೆ ಮೇಲೆ ಕೂತಿದಾನೆ ಅಂದ್ರೆ ಲಾಳದ ಮೇಲೆ ಕೂತಿದಾನೆ ಅಂತ್ಲೇ ಲೆಕ್ಕ.

ಆ ಊರಲ್ಲೊಂದು ಪದ್ಧತಿ. ವರ್ಷವರ್ಷ ಮಾರ್ನಮಿ ದಿವಸ ದೊರೆ ದರ್ಬಾರು ಮಾಡೋನಂತೆ, ಕೂಗೋನೊಬ್ಬ ಬಾಗಿಲಲ್ಲಿ ನಿಂತು ಒಂದೊಂದೇ ಕಸುಬಿನ ಹೆಸರು ಕೂಗೋನಂತೆ. ನೇಯ್ಗೇರು ಬನ್ನೀ ಅಂದ್ರೆ ನೇಯೋರು ಒಳಕ್ಕೆ ಹೋಗಿ ವೀಳ್ಯ ಇಸ್ಕೊಳೋರು, ಆಮೇಲೆ ಕುಂಬಾರ್ರು, ಆಮೇಲೆ ಗಾಣದೋರು, ಕೊನೆಗೆ ಕೊಂಬು ಊದೋನಿಗೂ ವೀಳ್ಯ. ಲಾಳದೋರ ಹೆಸರು ಮಾತ್ರ ಇಲ್ಲ. ಅವರು ಕೋಟೆ ಬಾಗಿಲಾಚೆ ಹುಣಸೇಮರದ ಕೆಳಗೆ ಕೂತು, ಒಳಗೆ ಯಾರ ಹೆಸರು ಕೂಗಿದ್ರು ಅಂತ ಕೇಳ್ಕೊಂಡಿರೋರಂತೆ.

ಅವರಲ್ಲಿ ಓಬಳಯ್ಯ ಅಂತ ಒಬ್ಬ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಒಂದು ಸುತ್ತಿಗೆ, ಒಂದು ಇಕ್ಕಳ, ಒಂದು ಅರ, ಅಷ್ಟೇ ಸಂಸಾರ. ಅವನು ಲಾಳ ಹೊಡೆದ ಕುದುರೆ ಕಾಶಿಗೆ ಹೋಗಿ ಬಂದ್ರೂ ಒಂದು ಮೊಳೆ ಅಲ್ಲಾಡ್ತಿರಲಿಲ್ಲವಂತೆ. ಅವನಿಗೆ ಒಂದೇ ಆಸೆ ಅಂತೆ, ಸಾಯೋದ್ರೊಳಗೆ ಒಂದ್ಸಲ ಆ ಬಾಗಿಲಲ್ಲಿ ಲಾಳದೋರು ಬನ್ನೀ ಅಂತ ಕೂಗಬೇಕು, ಆ ಕೂಗಿಗೆ ತಾನು ಎದ್ದು ಒಳಕ್ಕೆ ಹೋಗಬೇಕು ಅಂತ.

ಸರಿ, ಒಂದು ಮಾರ್ನಮಿಗೆ ಓಬಳಯ್ಯ ಒಬ್ನೇ ಎದ್ದು ಹೋಗೇಬಿಟ್ಟನಂತೆ. ಬುದ್ಧೀ, ನಮ್ ಕಸುಬಿಗೂ ಒಂದು ವೀಳ್ಯ ಆಗಲಿ ಅಂದನಂತೆ. ಲಾಯ ನೋಡ್ಕೊಳೋ ಪಾರುಪತ್ಯಗಾರ ಪಕ್ಕದಲ್ಲೇ ನಿಂತಿದ್ದ, ಅವನು ನಕ್ಕು, ಏನಯ್ಯ, ಒಬ್ಬ ಬಂದ್ರೆ ಕಸುಬು ಅಂತಾರಾ, ನೆಂಟ ಅಂತಾರೆ ಅಂದನಂತೆ. ದರ್ಬಾರೇ ನಕ್ಕುಬಿಡ್ತಂತೆ. ದೊರೆ ನಗಲಿಲ್ಲ. ಹೋಗಿ ನಿಮ್ಮೋರನ್ನೆಲ್ಲ ಕರ್ಕೊಂಬಾ, ನೋಡಾನ ಅಂದನಂತೆ.

ಆಮೇಲೆ ಓಬಳಯ್ಯ ಹೆಗಲಿಗೆ ಚೀಲ ಹಾಕ್ಕೊಂಡು ಊರೂರು ಸುತ್ತಿದನಂತೆ. ಈ ಲಾಳದೋರು ಹೆಂಗಿದ್ರು ಅಂದ್ರೆ, ಒಬ್ಬನ ಹತ್ರ ಬಂದ ಕುದುರೇನ ಇನ್ನೊಬ್ಬ ಬಾಲ ಹಿಡಿದು ಎಳ್ಕೊಂಡು ಹೋಗೋನಂತೆ. ಕುರುಬರಹಟ್ಟಿ ಕೆಂಚಣ್ಣನ ಮನೆಗೆ ಹೋದ್ರೆ ಅವನು, ಆ ದಸ್ತಗೀರಸಾಬಿ ಬರೋ ಕಡೆ ನಾನು ಬರಾಕಿಲ್ಲ, ನನ್ ಗಿರಾಕಿ ಕುದುರೆ ಮೂರು ಕಿತ್ಕೊಂಡವನೆ ಅಂದನಂತೆ. ದಸ್ತಗೀರಸಾಬಿ ಹತ್ರ ಹೋದ್ರೆ, ಅರೆ, ಅವನು ಹೊಡೆದ ಲಾಳ ನನ್ನ ಬಾಗಿಲಿಗೆ ಬರೋ ಹೊತ್ಗೆ ಉದುರಿರ್ತದೆ, ನಾನೇನು ಕಿತ್ಕೊಳೋದು ಅಂದನಂತೆ. ಹಿಂಗೇ ಜಗಳ ಬಿಡಿಸ್ತಾ ಬಿಡಿಸ್ತಾ ಓಬಳಯ್ಯನ ಕೂದಲು ಬೆಳ್ಳಗಾಯ್ತಂತೆ. ಅಂತೂ ಎರಡನೇ ಮಾರ್ನಮಿಗೆ ಇಪ್ಪತ್ತು ಜನನ್ನ ದರ್ಬಾರಿಗೆ ತಂದು ನಿಲ್ಲಿಸಿದನಂತೆ.

ದೊರೆ ಎಲ್ಲರ ಮುಖ ನೋಡಿ, ಜನ ಆಯ್ತು, ಆದ್ರೆ ಒಬ್ಬನ ಲಾಳ ಮೂರು ತಿಂಗಳು ಬರ್ತದೆ, ಒಬ್ಬನದು ಮೂರು ದಿವಸ. ಯಾರ ಕೈಗೆ ಕುದುರೆ ಕೊಡ್ಲಿ, ಯಾರಿಗೆ ಕೊಡ್ಲಿ ವೀಳ್ಯ? ನೀವೆಲ್ಲ ಒಂದೇ ಕಸುಬು ಅಂತ ನಾನು ಹೆಂಗೆ ನಂಬಲಿ ಅಂದನಂತೆ. ಅದೂ ನ್ಯಾಯವೇ ಅಲ್ವಾ?

ಹೂಂ ಅನ್ನವ್ವ. ಹಾಂ.

ಆಮೇಲೆ ಎಲ್ರೂ ಹುಣಸೇಮರದ ಕೆಳಗೆ ಕೂತ್ರಂತೆ. ಅವತ್ತು ಲಾಳದೋರ ಸಂಘ ಹುಟ್ಟಿದ್ದು. ಓಬಳಯ್ಯನೇ ಯಜಮಾನ. ಅವನೇ ಕಟ್ಟಳೆ ಮಾಡಿದನಂತೆ. ಕುದುರೇನ ಇಪ್ಪತ್ತು ಹೆಜ್ಜೆ ನಡೆಸಿ ನೋಡದೆ ಯಾರೂ ಗೊರಸು ಮುಟ್ಟಕೂಡದು. ಸಂಘದ ಲಾಳದ ಮೇಲೆಲ್ಲ ಒಂದೇ ಮುದ್ರೆ, ಎರಡು ಗೀಟು, ಮಧ್ಯ ಒಂದು ಚುಕ್ಕಿ. ಆ ಮುದ್ರೆ ಬೇಕಂದ್ರೆ ಪರೀಕ್ಷೆ.

ಪರೀಕ್ಷೆ ಎಂಥಾದ್ದು ಗೊತ್ತಾ? ಗೊರಸು ನಮ್ಮ ಉಗುರಿದ್ದಂಗೆ. ಹೊರಗಡೆ ಸತ್ತಿದ್ದು, ಒಳಗಡೆ ಜೀವ. ಮೊಳೆ ಸತ್ತ ಭಾಗದಲ್ಲಿ ಇಳಿದ್ರೆ ಟಣ್ ಟಣ್ ಅಂತದೆ. ಒಂದು ಎಳ್ಳಿನಷ್ಟು ಒಳಕ್ಕೆ ವಾಲಿ ಜೀವಕ್ಕೆ ತಾಗಿತೋ, ದುಬ್ ಅಂತದೆ. ಕಣ್ಣಿಗೆ ಕಾಣಲ್ಲ ಅದು, ಕಿವಿಗೇ ಗೊತ್ತಾಗಬೇಕು. ಅದಕ್ಕೆ ಓಬಳಯ್ಯ ಏನು ಮಾಡಿದ ಅಂದ್ರೆ, ಮೂರು ಜನ ಬೆನ್ನು ತಿರುಗಿಸಿ ಗೋಡೆ ಕಡೆ ಮುಖ ಮಾಡಿ ಕೂರಬೇಕು, ಪರೀಕ್ಷೆ ಕೊಡೋನು ಮಾತಾಡದೆ ಬಂದು ಮೂರು ಮೊಳೆ ಹೊಡೀಬೇಕು, ಕೂತೋರು ಸದ್ದು ಕೇಳಿಯೇ ಸರಿ ತಪ್ಪು ಹೇಳಬೇಕು, ಹೇಳಿದ್ದನ್ನ ಹಿಂದಕ್ಕೆ ತಗೋಬಾರದು. ಮುಖ ನೋಡಿದ್ರೆ ದಾಕ್ಷಿಣ್ಯ ಬರ್ತದೆ ಕಣ್ರಪ್ಪ, ಸದ್ದಿಗೆ ದಾಕ್ಷಿಣ್ಯ ಇಲ್ಲ ಅಂದನಂತೆ ಓಬಳಯ್ಯ.

ಕೇಳೋಕೆ ಕೂತ ಮೂವರು ಯಾರು ಅಂದ್ರೆ, ಒಬ್ಬ ದಸ್ತಗೀರಸಾಬಿ, ಇನ್ನೊಬ್ಬ ಕೆಂಚಣ್ಣ, ಈಗ ಅವರಿಬ್ರೂ ಒಂದೇ ಎಲೆಅಡಿಕೆ ಚೀಲಕ್ಕೆ ಕೈ ಹಾಕೋರಂತೆ. ಮೂರನೇಯೋನು ನಮ್ಮ ವಂಶದ ಬೊಮ್ಮಣ್ಣ! ನಮ್ಮ ತಾತನ ಮುತ್ತಾತ. ಅವನ ಕಿವಿ ಎಂಥಾದ್ದು ಅಂದ್ರೆ, ಇರುವೆ ಕುಂಟ್ಕೊಂಡು ನಡೆದ್ರೆ ಯಾವ ಕಾಲು ಅಂತ ಹೇಳೋನು. ನಗ್ತೀಯಾ? ನಗು ನಗು. ಅಂಥ ಕಿವಿ ನಮ್ಮನೇಲಿ ಇನ್ನೊಬ್ಬನಿಗೆ ಬಂದಿತ್ತು, ಅದು ನನಗೆ.

ಆಮೇಲೆ ಮೂರನೇ ವರ್ಷ ದೊರೆ ದಂಡೆತ್ತಿ ಹೊರಟನಂತೆ. ಓಬಳಯ್ಯನ್ನ ಕರೆಸಿ, ಮುನ್ನೂರು ಕುದುರೆ ಮೂರು ಕಣಿವೆ ದಾಟಬೇಕು, ಒಂದು ಕುದುರೆ ಕುಂಟಿದ್ರೂ ನಿಮ್ಮ ಸಂಘ ಇಲ್ಲ, ಒಂದೂ ಕುಂಟದಿದ್ರೆ ಮಾರ್ನಮಿಗೆ ನಿಮ್ಮ ಹೆಸರು ಕೂಗಿಸ್ತೀನಿ ಅಂದನಂತೆ. ಸರಿ, ಇಪ್ಪತ್ತೊಂದು ಜನಾನೂ ದಂಡಿನ ಹಿಂದೆ ನಡೆದ್ರಂತೆ. ಮೊದಲನೇ ಕಣಿವೇಲಿ ಮುಳ್ಳುಗಲ್ಲು, ದಾಟ್ತಂತೆ. ಎರಡನೇ ಕಣಿವೇಲಿ ಮಳೆ ಕೆಸರು, ಲಾಳ ಕಿತ್ಕೊಂಡು ಹೋಗೋ ಅಂಥ ಕೆಸರು. ಅಲ್ಲಿ ಒಂದು ಬಿಳೀ ಹೆಣ್ಣುಕುದುರೆ ಬೆದರಿ ಓಬಳಯ್ಯನ ಬಲ ಮಣಿಕಟ್ಟಿಗೆ ಒದೀತಂತೆ. ಲಟ್ ಅಂತಂತೆ. ಅವನು ಯಾರಿಗೂ ಹೇಳಲಿಲ್ಲ. ಪಂಚೆ ತುದಿ ಹರಿದು ಸುತ್ಕೊಂಡು, ಅದೇ ಕೈಲಿ ಆ ಕುದುರೆಗೂ ಹೊಡ್ದ, ಆಮೇಲಿನ ಮೂವತ್ತು ಕುದುರೆಗೂ ಹೊಡ್ದನಂತೆ. ಮೂರನೇ ಕಣಿವೇನೂ ದಾಟ್ತಂತೆ. ಮುನ್ನೂರು ಕುದುರೆ ಹೋದವು, ಮುನ್ನೂರೂ ವಾಪಸ್ ಬಂದವು, ಒಂದೂ ಕುಂಟಲಿಲ್ಲವಂತೆ.

ಈ ಲಾಳದ ಕೆಲಸದಲ್ಲಿ ಒಂದು ಕೆಟ್ಟ ಚಾಳಿ ಐತೆ ಕುಸುಮಿ. ನಮಗೆ ಕುದುರೆ ಕಾಲು ಬಿಟ್ರೆ ಬೇರೆ ಏನೂ ಕಾಣಲ್ಲ. ಇಪ್ಪತ್ತು ಜನ ಇದ್ರಲ್ಲ, ಎಲ್ರೂ ಮುನ್ನೂರು ಕುದುರೇದು ಹೆಜ್ಜೆ ಹೆಜ್ಜೆ ನೋಡ್ತಿದ್ರು. ಯಜಮಾನನ ಕೈ ಊದಿರೋದು, ಊಟಕ್ಕೆ ಕೂತಾಗ ತುತ್ತು ನಡುಗೋದು, ಅದನ್ನ ಒಬ್ಬನೂ ನೋಡಲಿಲ್ಲವಂತೆ. ಅವರ ಬದಲು ಒಬ್ಬ ಕುಂಬಾರ ಇದ್ದಿದ್ರೆ ನೋಡಿರೋನು.

ಸರಿ, ಮಾರ್ನಮಿ ಬಂತಂತೆ. ಬೆಳಿಗ್ಗೆ ಲಾಯದ ಅಂಗಳದಲ್ಲಿ ಎಲ್ಲರ ಎದುರು ಪರೀಕ್ಷೆ, ಗೆದ್ದೋರಿಗೆ ಮುದ್ರೆ, ಮುದ್ರೆ ಇದ್ದೋರಿಗೆ ಸಾಯಂಕಾಲ ದರ್ಬಾರು. ದೊರೆ ಜಗಲಿ ಮೇಲೆ ಕೂತು, ಓಬಳಯ್ಯನ್ನ ಪಕ್ಕದಲ್ಲೇ ಕೂರಿಸ್ಕೊಂಡನಂತೆ. ಬೊಮ್ಮಣ್ಣ, ಕೆಂಚಣ್ಣ, ದಸ್ತಗೀರಸಾಬಿ ಮೂವರಿಗೂ ಹಿಂದಿನ ದಿವಸವೇ ಪರೀಕ್ಷೆ ಆಗಿ ಮುದ್ರೆ ಸಿಕ್ಕಿತ್ತು, ಅವರು ಗೋಡೆ ಕಡೆ ಮುಖ ಮಾಡಿ ಕೂತ್ರಂತೆ. ಮಿಕ್ಕ ಹದಿನೇಳು ಜನ ಒಬ್ಬೊಬ್ಬರೇ ಬಂದು ಹೊಡೆದ್ರು. ಟಣ್ ಟಣ್ ಟಣ್, ಸರಿ. ಟಣ್ ಟಣ್ ಟಣ್, ಸರಿ. ಹದಿನೇಳೂ ಸರಿ.

ಮುಗೀತು ಅನ್ನೋ ಹೊತ್ಗೆ ಆ ಪಾರುಪತ್ಯಗಾರ ಮೀಸೆ ತಿರುವ್ಕೊಂಡು, ಯಜಮಾನ್ರೇ, ಕಟ್ಟಳೆ ಮಂದಿಗೆ ಮಾತ್ರವೋ, ಕಟ್ಟಳೆ ಮಾಡ್ದೋರಿಗೂ ಉಂಟೋ ಅಂತ ಮೆಲ್ಲಗೆ ಕೇಳಿದನಂತೆ. ದೊರೆ, ಬ್ಯಾಡ ಬಿಡಯ್ಯ, ಅವನನ್ನ ನಾನು ಕಾಣೆನಾ ಅಂದ್ನಂತೆ. ಅಷ್ಟೊತ್ತಿಗೆ ಓಬಳಯ್ಯ ಜಗಲಿ ಇಳಿದಾಗಿತ್ತಂತೆ. ಜನರ ಗದ್ದಲದಲ್ಲಿ ಗೋಡೆ ಕಡೆ ಕೂತೋರಿಗೆ ಈ ಮಾತು ಮುಟ್ಟಲಿಲ್ಲ, ಇನ್ಯಾರೋ ಒಬ್ಬ ಬಂದ ಅಂದ್ಕೊಂಡ್ರಂತೆ. ಸುತ್ತಿಗೆ ತಗೊಂಡ. ಮಾತಾಡಲಿಲ್ಲ, ಮಾತಾಡೋ ಹಂಗಿಲ್ಲವಲ್ಲ. ಕುದುರೆ ಕಾಲು ಎತ್ತಿ ತೊಡೆ ಮೇಲಿಟ್ಕೊಂಡ.

ಒಂದನೇ ಮೊಳೆ. ಟಣ್. ಎರಡನೇ ಮೊಳೆ. ಟಣ್. ಮೂರನೇ ಮೊಳೇಗೆ ಸುತ್ತಿಗೆ ಎತ್ತಿದಾಗ ಮಣಿಕಟ್ಟು ಅದುರಿತಂತೆ.

ದುಬ್.

ಎಷ್ಟು ಸಣ್ಣ ಸದ್ದು ಅಂದ್ರೆ, ಕೆಂಚಣ್ಣನಿಗೆ ಕೇಳಲಿಲ್ಲ, ದಸ್ತಗೀರಸಾಬಿಗೆ ಕೇಳಲಿಲ್ಲ. ಅವರಿಬ್ರೂ ಸರಿ ಅಂದ್ರಂತೆ. ಬೊಮ್ಮಣ್ಣನಿಗೆ ಕೇಳ್ತು. ಅವನಿಗೆ ತನ್ನ ಕಿವಿ ಮೇಲೆ ಎಷ್ಟು ಹೆಮ್ಮೆ ಅಂತೀಯ, ಬೆಳಿಗ್ಗೆಯಿಂದ ಒಂದೂ ತಪ್ಪು ಸಿಕ್ಕಿಲ್ಲವಲ್ಲ ಅಂತ ಕಾಯ್ಕೊಂಡು ಕೂತಿದ್ದನೋ ಏನೋ, ಅಂಗಳಕ್ಕೆಲ್ಲ ಕೇಳೋ ಹಂಗೆ ತಪ್ಪು! ಅಂತ ಕೂಗಿ, ಯಾವನಲೇ ಅವನು, ಎಳ್ಳಿನಷ್ಟೂ ಒಳಕ್ಕೆ ಹೋಗದಂಗೆ ನೋಡ್ಕೊ ಅಂತ ನಗ್ತಾ ತಿರುಗಿದನಂತೆ.

ತಿರುಗಿದ್ರೆ ಓಬಳಯ್ಯ.

ಓಬಳಯ್ಯ ಮೊದಲು ಆ ಮೊಳೆ ಕಿತ್ತನಂತೆ. ಮೊಳೆ ತುದೀಲಿ ಒಂದು ಚುಕ್ಕಿ ರಕ್ತ. ಅರಿಶಿನ ಎಣ್ಣೆ ಕಲಸಿ ಗಾಯಕ್ಕೆ ಹಚ್ಚಿ, ಕುದುರೆ ಕುತ್ತಿಗೆ ಸವರಿ, ತಪ್ಪಾಯ್ತು ಕಣವ್ವ ಅಂತ ಕುದುರೆಗೆ ಹೇಳಿ, ಆಮೇಲೆ ಎದ್ದು ನಿಂತನಂತೆ.

ಬೊಮ್ಮಣ್ಣ ಅವನ ಕಾಲಿಗೆ ಬಿದ್ದು, ಅಯ್ಯಾ, ನಂಗೆ ಕೇಳಲಿಲ್ಲ, ಗಾಳಿ ಬೀಸ್ತು, ಯಾರೋ ಕೆಮ್ಮಿದ್ರು, ನನ್ನ ಮಾತು ವಾಪಸ್ ತಗೋತೀನಿ ಅಂದನಂತೆ. ದೊರೆನೂ, ಇಬ್ರು ಸರಿ ಅಂದವ್ರಲ್ಲ ಅಂದನಂತೆ. ಅದಕ್ಕೆ ಓಬಳಯ್ಯ, ಬುದ್ಧೀ, ಈ ಹದಿನೇಳು ಜನರಿಗೆ ಒಂದು ಕಟ್ಟಳೆ, ನನಗೊಂದು ಕಟ್ಟಳೆ ಆದ್ರೆ ನಾಳೆ ಈ ಮುದ್ರೆ ಯಾರು ನಂಬ್ತಾರೆ ಅಂದನಂತೆ. ಬೊಮ್ಮಣ್ಣನ್ನ ಎಬ್ಬಿಸಿ, ಸರಿಯಾಗೇ ಕೇಳಿಸ್ಕೊಂಡೆ ಕಣಪ್ಪ, ನೀನಿದ್ದೀಯ ಅಂತ ನಂಗೆ ಧೈರ್ಯ ಅಂತ ಬೆನ್ನು ತಟ್ಟಿದನಂತೆ. ಬೈದಿದ್ರೆ ಚೆನ್ನಾಗಿತ್ತು. ಬೈದಿದ್ರೆ ಬೊಮ್ಮಣ್ಣ ಬದುಕ್ಕೊಳೋನು.

ಸಾಯಂಕಾಲ ಆಯ್ತಂತೆ. ಕೂಗೋನು ಬಾಗಿಲಲ್ಲಿ ನಿಂತು, ಲಾಳದೋರು ಬನ್ನೀ, ಅಂತ ಕೂಗಿದನಂತೆ. ಮೊದಲನೇ ಸಲ! ಇಪ್ಪತ್ತು ಜನ ಹೊಸ ರುಮಾಲು ಸುತ್ಕೊಂಡು ಒಳಕ್ಕೆ ಹೋದ್ರು, ನೇಯ್ಗೇರು ಎದ್ದು ಜಾಗ ಬಿಟ್ರು, ಗಾಣದೋರು ಕೈ ಮುಗಿದ್ರು. ಯಜಮಾನನ ವೀಳ್ಯ ಯಾರು ಇಸ್ಕೊಳೋದು ಅಂತ ಆಯ್ತು, ಯಾರೂ ಕೈ ಚಾಚಲಿಲ್ಲ, ಕೊನೆಗೆ ದಸ್ತಗೀರಸಾಬಿ ಇಸ್ಕೊಂಡು ಕಣ್ಣಿಗೊತ್ಕೊಂಡನಂತೆ. ಹೊರಗೆ ಹುಣಸೇಮರದ ಕೆಳಗೆ ಓಬಳಯ್ಯ ಒಬ್ನೇ ನಿಂತು, ಆ ಕೂಗು ಮುಗಿಯೋಗಂಟ ಕೇಳಿ, ಚೀಲ ಹೆಗಲಿಗೆ ಹಾಕ್ಕೊಂಡನಂತೆ.

ಅವರು ವೀಳ್ಯ ತಗೊಂಡು ಓಡಿ ಬರೋ ಹೊತ್ಗೆ ಮರದ ಕೆಳಗೆ ಯಾರೂ ಇಲ್ಲ. ಬೊಮ್ಮಣ್ಣ ಮೂರು ದಿಕ್ಕಿಗೆ ಹುಡುಕಿದನಂತೆ. ಮೂರು ವರ್ಷ ಹುಡುಕಿದನಂತೆ. ಯಾವ ಊರಲ್ಲಿ ಸುತ್ತಿಗೆ ಸದ್ದು ಕೇಳಿದ್ರೂ ನಿಂತು ಕಿವಿ ಕೊಡೋನಂತೆ, ಅವತ್ತಿಂದ ಓಬಳಯ್ಯನ ಟಣ್ ಅವನ ಕಿವೀಲೇ ಕೂತಿತ್ತಲ್ಲ. ಎಲ್ಲೂ ಕೇಳಲಿಲ್ಲ. ಸಿಗಲೇ ಇಲ್ಲ. ಅವತ್ತಿಂದ ಸಂಘದಲ್ಲಿ ಪರೀಕ್ಷೆ ನಡೆದ್ರೆ ಬೊಮ್ಮಣ್ಣ ಆ ಕಡೆ ಸುಳೀತಿರಲಿಲ್ಲವಂತೆ, ಕಿವಿಗೆ ಹತ್ತಿ ಇಟ್ಕೊಂಡು ಮನೇಲಿ ಕೂತಿರೋನಂತೆ. ನಮ್ಮ ವಂಶದ ಕಿವಿ ನೋಡು, ಅಂಥಾದ್ದು. ಅದು ಅವತ್ತೊಂದು ದಿವಸ ಕಿವುಡಾಗಿದ್ದಿದ್ರೆ ಏನು ಗಂಟು ಹೋಗ್ತಿತ್ತು.

ಸಂಘ ಮಾತ್ರ ಉಳೀತಂತೆ. ಎರಡು ಗೀಟು, ಒಂದು ಚುಕ್ಕಿ ಕಂಡ್ರೆ ದೂರದೂರದ ದೊರೆಗಳೂ ಕಣ್ಣು ಮುಚ್ಕೊಂಡು ಕುದುರೆ ಏರೋರಂತೆ.

ಯಾಕವ್ವ ಮುಖ ಹಂಗ್ ಮಾಡ್ಕೊಂಡೆ? ಇನ್ನೂ ಐತೆ, ಕೇಳು. ಆಮೇಲೆ ಏನಾಯ್ತು ಅಂದ್ರೆ, ದೊರೆ ಓಬಳಯ್ಯನ್ನ ಆನೆ ಮೇಲೆ ಕರೆಸಿ, ಬಂಗಾರದಂಚಿನ ಶಾಲು ಹೊದಿಸಿ, ಎಲ್ಲರ ಎದುರು ಎರಡು ಕೈಲಿ ವೀಳ್ಯ ಕೊಟ್ಟು, ಸಿಂಹಾಸನದ ಪಕ್ಕ ಕೂರಿಸ್ಕೊಂಡನಂತೆ. ಬೊಮ್ಮಣ್ಣನೂ ಓಬಳಯ್ಯನೂ ತಬ್ಕೊಂಡು ಅತ್ರಂತೆ. ಎಲ್ರೂ ಹೋಳಿಗೆ ತುಪ್ಪ ಉಂಡು ಸುಖವಾಗಿದ್ರಂತೆ. ಅಲ್ಲಿಗೆ ಅವರೂ ಮಲಗಿದ್ರು, ಕತೇನೂ ಮಲಗ್ತು, ನೀನೂ ಮಲಕ್ಕೊ.

ತಾತ.

ಏನೇ, ಇನ್ನೂ ನಿದ್ದೆ ಬಂದಿಲ್ವಾ?

ಮೂರು ವರ್ಷ ಹುಡುಕಿದ್ರೂ ಸಿಗಲೇ ಇಲ್ಲ ಅಂದ್ಯಲ್ಲ ತಾತ. ಮತ್ತೆ ದೊರೆ ಶಾಲು ಹೊದಿಸಿದ್ದು ಯಾರಿಗೆ?

ಯಾರಿಗೋ. ಹೊದಿಸಬೇಕಿತ್ತು ಕಣವ್ವ, ಅದಕ್ಕೆ ಹೊದಿಸ್ದೆ.