ಸೈಲೆನ್ಸರ್ ಬಾಯಿಗೊಂದು ದೃಷ್ಟಿಬೊಟ್ಟು

ಕೇಳ್ರೀ ಇಲ್ಲಿ, ನಮ್ ಡ್ರೈವರ್ ಶಿವನಂಜಂಗೆ ಈಗಷ್ಟೇ ಆಗಿದ್ದು ಹೇಳಿದ್ರೆ ನಂಬೋದೇ ಇಲ್ಲ ನೀವು! ಆಯುಧಪೂಜೆ ಅಲ್ವಾ, ಧಣಿ ಗಜೇಂದ್ರಪ್ಪ ತನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಹಿಂದೆ ಬಗ್ಗಿ ನೋಡಿ ಕೂಗಾಡಿದ.

"ಸೈಲೆನ್ಸರ್ ಬಾಯೆಲ್ಲಾ ಮಸಿ ಕಣೋ! ಪೂಜೆ ಹೊತ್ತಿಗೆ ಹೊಳೀಲಿಲ್ಲ ಅಂದ್ರೆ ನಿನ್ ಕೆಲ್ಸ ಹೋಯ್ತು!"

ಶಿವನಂಜ ಹುಣಸೆಹಣ್ಣು ಹಾಕಿ ಉಜ್ಜಿದ, ಉಜ್ಜಿದ. ಎರಡು ಸೈಲೆನ್ಸರ್ ಕೊಳವೇಲಿ ಒಂದು ಫಳಫಳ ಅಂತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಧಣಿ ಬಂದೇಬಿಟ್ಟ.

"ಇದ್ಯಾಕೋ ಇನ್ನೂ ಕಪ್ಪು?"

"ಬುದ್ಧೀ, ಇಡೀ ಬೀದಿ ಕಣ್ಣು ಈ ಕಾರಿನ ಮೇಲೈತೆ. ಮಗೀನ ಕೆನ್ನೆಗೆ ಇಡಲ್ವಾ, ಹಂಗೆ ದೃಷ್ಟಿಬೊಟ್ಟು ಬಿಟ್ಟಿವ್ನಿ. ಒರೆಸ್ಬುಡ್ಲಾ?"

"ಏಯ್, ಮುಟ್ಬೇಡ!" ಅಂತ ಧಣಿ ಹೌಹಾರಿದ. ಎದುರುಮನೆ ಕಿಟಕಿ ಕಡೆ ಕಳ್ಳನೋಟ ಹಾಕಿದ. ಆಮೇಲೆ ಅದೇ ಕೊಳವೆ ಒಳಗಿನ ಮಸೀನ ಬೆರಳಲ್ಲಿ ತಗೊಂಡು ತನ್ನ ಕೆನ್ನೆಗೂ ಒಂದು ಬೊಟ್ಟು ಇಟ್ಕೊಂಡ!

ಶಿವನಂಜನ ಕೆಲ್ಸ ಉಳೀತು, ಆದ್ರೆ ಆ ಕೆನ್ನೆ ನೋಡ್ಕೊಂಡು ಮಂಗಳಾರತಿ ಮುಗಿಯೋವರ್ಗೂ ನಗು ತಡ್ಕೋಬೇಕಲ್ಲ! ನೀವಾಗಿದ್ರೆ ಏನ್ ಮಾಡ್ತಿದ್ರಿ, ಹೇಳಿ?