ಬೂದುಕೋಳಿ ಗರಡಿಗೆ ಹೋದದ್ದು

ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಉದುರಿದ ಕಾಳು ತಿಂದು ತಿಂದು ಬೂದುಕೋಳಿಯ ಮೈ ಭಾರವಾಗಿತ್ತು. ಸಂಜೆ ಉಳಿದ ಕೋಳಿಗಳೆಲ್ಲ ಹುಣಸೆಮರದ ಕೊಂಬೆಗೆ ಹಾರಿ ಕೂತರೆ, ಅದೊಂದು ಮಾತ್ರ ಕೆಳಗೆ ಮುರುಕು ಬುಟ್ಟಿಯಲ್ಲಿ ಮಲಗುತ್ತಿತ್ತು. ಊರಿಗೆ ಕಾಡುಬೆಕ್ಕು ಬಂದಿದೆಯೆಂದು ತಿಳಿದಾಗ ಅದಕ್ಕೆ ಹೆದರಿಕೆಯಾಯಿತು. ಮರುದಿನ ಬೆಳಿಗ್ಗೆ ಹುಂಜ ನಡೆಸುತ್ತಿದ್ದ ಗರಡಿಗೆ ಹೋಯಿತು. ಅಲ್ಲಿ ಕೋಳಿಗಳು ಎತ್ತಿನ ಗಾಡಿಯ ಮೇಲೆ ಹಾರಿ ಅಭ್ಯಾಸ ಮಾಡುತ್ತಿದ್ದವು. ಬೂದುಕೋಳಿ ಒಂದು ಕಲ್ಲಿನ ಮೇಲೂ ಹಾರಲಾಗದೆ ಬಿತ್ತು. ನಾಚಿಕೆಯಿಂದ ಮಾರನೆಯ ದಿನ ಬುಟ್ಟಿಯಲ್ಲೇ ಉಳಿಯಿತು.

ಗರಡಿಯ ಕುಂಟುಕೋಳಿ ಹುಡುಕಿಕೊಂಡು ಬಂದು ಕೇಳಿತು: "ತಂಗಿ, ಯಾಕೆ ಬರಲಿಲ್ಲ?"

"ಎಲ್ಲರೂ ನಗುತ್ತಾರೆ, ಅಕ್ಕ."

"ಯಾರೂ ನಗಲಿಲ್ಲ. ನೀನು ಬರಲಿ ಎಂದು ಇನ್ನೂ ಶುರು ಮಾಡದೆ ಕಾಯುತ್ತಿದ್ದೇವೆ."

ಬೂದುಕೋಳಿ ಎದ್ದು ಹೊರಟಿತು. ಅಂದೂ ಬಿತ್ತು. ಆದರೆ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಗಿರಣಿಗೆ ಹೋಗುವುದನ್ನು ದಿನಕ್ಕೊಂದು ಸಲಕ್ಕೆ ಇಳಿಸಿತು. ಹದಿನೈದು ದಿನಕ್ಕೆ ಕಲ್ಲಿನ ಮೇಲೆ ಹಾರಿತು, ಎರಡು ತಿಂಗಳಿಗೆ ಗಾಡಿಯ ಮೇಲೆ.

ಒಂದು ಸಂಜೆ ಕಾಡುಬೆಕ್ಕು ಬೇಲಿ ನುಸುಳಿ ಬೂದುಕೋಳಿಯ ಮೇಲೆ ಎರಗಿತು. ಬೂದುಕೋಳಿ ರೆಕ್ಕೆ ಬಡಿದು ಕೊಂಬೆ ಸೇರಿತು. ಬೆಕ್ಕಿಗೆ ಸಿಕ್ಕಿದ್ದು ಬಾಲದ ಎರಡು ಗರಿ ಮಾತ್ರ. ಕೋಳಿಗಳು ಸರಿದು ಜಾಗ ಕೊಟ್ಟವು.

"ನಾನು ಇಷ್ಟು ಎತ್ತರ ಹಾರುವೆನೆಂದು ನಿಮಗೆ ಮೊದಲೇ ಗೊತ್ತಿತ್ತೆ?" ಎಂದು ಬೂದುಕೋಳಿ ಏದುಸಿರು ಬಿಡುತ್ತ ಕೇಳಿತು.

"ಹಾರುವುದು ಗೊತ್ತಿರಲಿಲ್ಲ," ಎಂದಿತು ಕುಂಟುಕೋಳಿ. "ಬೆಳಗಾದರೆ ನೀನು ಬರುತ್ತೀಯೆಂದು ಗೊತ್ತಿತ್ತು."