ಅಜ್ಜಾರ ಬೋಧೆ ಹಿಡಿಸುವ ತಂತ್ರಾಂಶ

ಅಜ್ಜಾರ ಬೋಧೆ ಸಾಧಾರಣ ತಂತ್ರಾಂಶದಲ್ಲಿ ಹಿಡಿಸುವುದಿಲ್ಲ ಎಂದು ಆಗ ಆಶ್ರಮದಲ್ಲಿ ಎಲ್ಲರೂ ನಂಬಿದ್ದರು.

ಅಜ್ಜಾರು ಎಂದರೆ ಹೊಳೆದಂಡೆಯ ಆ ಸಣ್ಣ ಆಶ್ರಮದ ಗುರು, ಅಡವಯ್ಯನವರು. ತಮ್ಮ ಗುರು ಈರವ್ವನಿಂದ ಕಲಿತದ್ದನ್ನು ಅವರು ಈವರೆಗೆ ಯಾರಿಗೂ ಹೇಳಿರಲಿಲ್ಲ. ಯಾರ ಕಿವಿಗೂ ಬಿದ್ದಿಲ್ಲವಾದ್ದರಿಂದ ಅದು ಬಹಳ ದೊಡ್ಡದೆಂದು ತೀರ್ಮಾನವಾಗಿತ್ತು.

ಈಗ ಅಜ್ಜಾರ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಅಮಾವಾಸ್ಯೆ ಕಳೆದ ಮರುದಿನ ಆಪರೇಷನ್. ಆಮೇಲೆ ದನಿ ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರು ಹೇಳಿದ್ದರು.

ಅಷ್ಟರೊಳಗೆ ಬೋಧೆಯನ್ನು ಬರೆದುಕೊಳ್ಳುವ ಕೆಲಸ ಶಿಷ್ಯ ಪಂಪಾಪತಿಯ ಪಾಲಿಗೆ ಬಂತು. ಅವನು ಎಂ.ಎ. ಓದಿದ್ದ. ಲ್ಯಾಪ್‌ಟಾಪೂ ಇತ್ತು.

ದನಿಯನ್ನು ರೆಕಾರ್ಡ್ ಮಾಡಿಕೊಳ್ಳುವಂತಿರಲಿಲ್ಲ. ಗುರುವಿನ ಮಾತು ಕೇಳಿದವನ ಕೈಯಿಂದಲೇ ಹಾದುಬರಬೇಕು ಎಂಬುದು ಅಲ್ಲಿಯ ರೂಢಿ.

ಮೊದಲ ಬೆಳಿಗ್ಗೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಬಂದು ಕೂತರು.

"ಹೇಳಲೇನೋ ತಮ್ಮಾ?"

"ಒಂದೀಟು ತಡೀರಿ ಅಜ್ಜಾರ. ಇದರಾಗ ಅಧ್ಯಾಯ, ಉಪ ಅಧ್ಯಾಯ ಎಲ್ಲಾ ಗಿಡದ ಟೊಂಗಿ ಹಂಗ ಬರ್ತಾವ. ಮಾಡಾಕ ಹತ್ತೀನಿ."

"ಎಷ್ಟ ಟೊಂಗಿ ಆದ್ವು?"

"ನಲವತ್ತ್ರೀ."

"ಹಣ್ಣು?"

"ಇನ್ನೂ ಇಲ್ರಿ."

ಅಜ್ಜಾರು ಎದ್ದು ಹೋದರು.

ಆ ತಂತ್ರಾಂಶದಿಂದ ಮುದ್ರಣಾಲಯಕ್ಕೆ ಕಳಿಸಿದರೆ ಒತ್ತಕ್ಷರಗಳು ಒಡೆಯುತ್ತಿದ್ದವು. ಪಂಪಾಪತಿ ಅದನ್ನು ಬಿಟ್ಟು ಇನ್ನೊಂದನ್ನು ಇಳಿಸಿಕೊಂಡ. ಮೇಲ್ಗಡೆ 'ಶ್ರೀ' ಎಂದು ಬರೆದು ನೋಡಿದ. ಶ್ರೀ ಚೆನ್ನಾಗಿ ಮೂಡಿತು. ಮರುದಿನ ಅದಕ್ಕಿಂತ ಒಳ್ಳೆಯದಿದೆ ಎಂದು ಯಾರೋ ಹೇಳಿದರು. ಅದರಲ್ಲೂ ಶ್ರೀ ಮೂಡಿತು.

ಅಜ್ಜಾರು ದಿನಾ ಬಂದು ಕೂರುತ್ತಿದ್ದರು. ದನಿ ಸಣ್ಣದಾಗುತ್ತ ಬಂತು.

"ಇವತ್ತಿಂದು ಏನು ವಿಶೇಷ?" ಅವರಿಗೆ ನಿಜವಾಗಿಯೂ ಕುತೂಹಲವಿತ್ತು. ಪರದೆಗೆ ಮೂಗು ತಾಗಿಸಿ ನೋಡಿದರು.

"ಪರದೆ ಪೂರಾ ಕಪ್ಪು ಆಗತೈತ್ರಿ. ಬರಿಯೋ ಸಾಲು ಒಂದ ಕಾಣತೈತಿ. ಬರಿಯೋರ ಮನಸ್ಸು ಅತ್ತಿತ್ತ ಹೋಗೂದಿಲ್ಲ."

"ಚಲೋ ಆತು. ಅವರು ಯಾವಾಗ ಬರ್ತಾರ?"

"ಯಾರ್ರೀ?"

"ಬರಿಯೋರು."

ಪಂಪಾಪತಿ ಮುಖ ಕೆಂಪಗೆ ಮಾಡಿಕೊಂಡ. "ಚೇಷ್ಟಿ ಮಾಡಬ್ಯಾಡ್ರಿ ಅಜ್ಜಾರ. ಇಷ್ಟು ದೊಡ್ಡ ಬೋಧೆ. ನಡುವ ಕಳದು ಹೋದ್ರ ಯಾರು ಹೊಣಿ?"

"ಹೌದೌದು," ಎಂದರು ಅಜ್ಜಾರು. "ಕಳೀಬಾರದು."

ಅಮಾವಾಸ್ಯೆ ಕಳೆಯಿತು. ಆಸ್ಪತ್ರೆಗೆ ಹೋಗುವ ಕಾರು ಬೇವಿನಮರದ ಕೆಳಗೆ ಬಂದು ನಿಂತಿತು.

ಪಂಪಾಪತಿ ಲ್ಯಾಪ್‌ಟಾಪ್ ಹಿಡಿದು ಓಡಿಬಂದ. "ಸಿಕ್ತ್ರಿ ಅಜ್ಜಾರ! ಇದರಂಥದು ಇಲ್ಲ. ಹೇಳ್ರಿ ಈಗ."

ತೆರೆದ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು.

"ಏನದು?"

"ಅಪ್‌ಡೇಟ್ ಆಗಾಕ ಹತ್ತೈತ್ರಿ. ಮುಚ್ಚಬಾರದಂತ."

ಇಬ್ಬರೂ ಚಕ್ರವನ್ನು ನೋಡುತ್ತ ಕೂತರು. ಡ್ರೈವರ್ ಹಾರ್ನ್ ಹೊಡೆದ. ಚಕ್ರ ತಿರುಗುತ್ತಲೇ ಇತ್ತು.

ಅಜ್ಜಾರು ಕೋಲು ಊರಿ ಎದ್ದರು. ಪಂಪಾಪತಿಗೆ ಅಳು ಬಂತು. ಜೇಬಿನಿಂದ ಫೋನು ತೆಗೆದು, ಅದರ ಜೊತೆಗೇ ಬಂದಿದ್ದ, ಅವನು ಒಮ್ಮೆಯೂ ತೆರೆಯದಿದ್ದ ಸಾದಾ ನೋಟ್‌ಪ್ಯಾಡನ್ನು ತೆರೆದ. ಶ್ರೀ ಬರೆಯುವುದೂ ಮರೆತುಹೋಯಿತು.

"ಹೇಳ್ರಿ ಅಜ್ಜಾರ. ಎಷ್ಟ ಆಗತೈತಿ ಅಷ್ಟ."

ಅಜ್ಜಾರು ಮತ್ತೆ ಕೂತರು. ದನಿ ಪಿಸುಮಾತಿನಷ್ಟೇ ಉಳಿದಿತ್ತು. ಅವನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದ.

"ಈರವ್ವ ಹರಿಗೋಲು ನಡಸತಿದ್ಲು. ಒಂದ ದಿನ ನಾನೂ ಹತ್ತಿದೆ."

ಬರೆದ.

"ಹರಿಗೋಲು ತೂತು ಬಿದ್ದಿತ್ತು. ನೀರು ಬಂತು. ಚೆಲ್ಲು ಅಂದ್ಲು, ಚೆಲ್ಲಿದೆ."

"ಮುಂದ್ರೀ?"

"ಮತ್ತ ಬಂತು. ಮತ್ತ ಚೆಲ್ಲಿದೆ."

"ಮುಂದ?"

"ದಂಡಿ ಬಂತು. ಇಳದ್ವಿ."

ಪಂಪಾಪತಿಯ ಹೆಬ್ಬೆರಳು ಗಾಜಿನ ಮೇಲೆ ಕಾಯುತ್ತ ನಿಂತಿತ್ತು. ಅಜ್ಜಾರು ಕೋಲು ಕೈಗೆ ತೆಗೆದುಕೊಂಡರು. ಡ್ರೈವರ್ ಕಾರಿನ ಬಾಗಿಲು ತೆಗೆದ.

"ಅಜ್ಜಾರ, ಇದು ಪೀಠಿಕಿ ಏನ್ರಿ? ಬೋಧೆ ಎಲ್ಲಿಂದ ಸುರು ಆಗತೈತಿ?"

ಅಜ್ಜಾರು ಅವನ ಭುಜ ಹಿಡಿದು ಎದ್ದರು.

"ಇಷ್ಟ ಇರೂದು, ತಮ್ಮಾ."